ಥೈರಾಯ್ಡ್ ಗುಳಿಗಿ ಬದ್ಲು ಚರ್ಮಕ್ಕ ಅಂಟಿಸೋ ಪ್ಯಾಚ್ ಯಾಕಿಲ್ಲ?

ನಿಮ್ಮ ಅವ್ವಾರಿಗೆ ದಿನಾ ಮುಂಜಾನೆ ಖಾಲಿ ಹೊಟ್ಟಿಗೆ ಥೈರಾಯ್ಡ್ ಗುಳಿಗಿ ಕೊಡೋದು ಕಷ್ಟ ಆಗೈತಿ, ಸಿಗರೇಟ್ ಬಿಡೋರಿಗೆ ನಿಕೋಟಿನ್ ಪ್ಯಾಚ್ ಇದ್ದಂಗ ಇದಕ್ಕೂ ಒಂದು ಯಾಕಿಲ್ಲ ಅಂತ ಕೇಳೀರಿ. ನಾನು ಬಿಫಾರ್ಮ್ ಮಾಡಿ ಗಂಗಾವತಿಯಾಗ ಮೆಡಿಕಲ್ ಶಾಪ್ ಇಟ್ಟೀನ್ರಿ, ಕೌಂಟರ್‌ನ್ಯಾಗೂ ಇದನ್ನ ಕೇಳೋರು ಅದಾರ.

ಡಾಕ್ಟರ್ ಬರ್ದು ಕೊಡೋ ಅಂಥ ಪ್ಯಾಚ್ ಇನ್ನೂ ಬಂದಿಲ್ರಿ. ಆನ್‌ಲೈನ್‌ನ್ಯಾಗ ಥೈರಾಯ್ಡ್ ಪ್ಯಾಚ್ ಅಂತ ಅಯೋಡಿನ್ನು, ಗಿಡಮೂಲಿಕಿ ಹಾಕಿ ಮಾರ್ತಾರಲ್ಲ, ಅದನ್ನ ನಂಬಿ ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ, ಕೈಮುಗ್ದು ಹೇಳ್ತೀನಿ.

ತೊಡಕು ಇರೋದು ಔಷಧದ ಅಣುವಿನ್ಯಾಗ. ನಮ್ಮ ಚರ್ಮದ ಮ್ಯಾಲಿನ ಸತ್ತ ಪದರ ತೆಳ್ಳಗಿದ್ರೂ ಭಾಳ ಬಿಗಿ, ಅಣುತೂಕ ಸುಮಾರು 500 ದಾಟಿತು ಅಂದ್ರ ಒಳಗ ಬಿಡೋದು ಕಷ್ಟ. ನಿಕೋಟಿನ್ 162, ನೋವಿಗೆ ಹಚ್ಚೋ ಫೆಂಟನಿಲ್ 336, ಆದ್ರ ಥೈರಾಯ್ಡ್ ಗುಳಿಗ್ಯಾಗ ಇರೋ ಹಾರ್ಮೋನ್ ಲೆವೊಥೈರಾಕ್ಸಿನ್ 777 ಐತಿ! ಅದ್ರಾಗ ನಾಕು ಅಯೋಡಿನ್ ಪರಮಾಣು ಅದಾವ, ತೂಕದಾಗ ಮೂರರಾಗ ಎರಡು ಪಾಲು ಅವುದ, ಹಗುರ ಮಾಡೋಣು ಅಂತ ಅವನ್ನ ತಗದ್ರ ಹಾರ್ಮೋನೇ ಉಳಿಯಂಗಿಲ್ಲ. ಅದಕ್ಕ ಚರ್ಮದಾಗ ಸಣ್ಣ ಸಣ್ಣ ತೂತು ಮಾಡೋ ಮೈಕ್ರೋನೀಡಲ್ ಪ್ಯಾಚ್ ಕಡೆ ಸಂಶೋಧಕರು ನೋಡ್ತಾರ. ನನಗಂತೂ ಆಸೆ ಐತ್ರಿ, ಯಾಕಂದ್ರ ದಿನಕ್ಕ ಬೇಕಾಗೋದು ಬರೇ ಮೈಕ್ರೋಗ್ರಾಂ ಲೆಕ್ಕದಾಗ, ಹೊಟ್ಟಿ ದಾರಿ ತಪ್ಪಿತು ಅಂದ್ರ ಚಹಾ, ಕಾಫಿ, ಕ್ಯಾಲ್ಸಿಯಂ ಗುಳಿಗಿ ಯಾವ್ದರ ಕಾಟಾನೂ ಇರಂಗಿಲ್ಲ.

ಆದ್ರ ಡೋಸ್ ಭಾಳ ಸೂಕ್ಷ್ಮ. ಅಂಗಡ್ಯಾಗ 88ರದ್ದೂ ಬ್ಯಾರೆ, 100ರದ್ದೂ ಬ್ಯಾರೆ ಇಡ್ತೀವಿ, ಬರೇ 12 ಮೈಕ್ರೋಗ್ರಾಂ ಫರಕು. ನಮ್ಮ ಕಡೆ ಮೇ ತಿಂಗಳ ಬಿಸಲಾಗ ಬೆವರಿಗೆ ಪ್ಯಾಚ್ ಅರ್ಧ ಕಿತ್ತು ಬಂದ್ರ ಕಮ್ಮಿ ಹೋಗ್ತೈತಿ, ಮೈ ಕಾದ್ರ ಜಾಸ್ತಿ ಹೋಗಬಹುದು, ಫೆಂಟನಿಲ್ ಪ್ಯಾಚಿಗೆ ಬಿಸಿ ತಾಗಿಸಬ್ಯಾಡ್ರಿ ಅನ್ನೋದು ಇದಕ್ಕ. ಈ ಹಾರ್ಮೋನ್ ಜಾಸ್ತಿ ಆದ್ರ ವಯಸ್ಸಾದೋರಿಗೆ ಎದಿ ಬಡಿತ ಏರುಪೇರಾಗ್ತೈತಿ, ಎಲುಬು ಸವಿತಾವ.

ಈಗಿನ ಮಟ್ಟಿಗೆ ಅವ್ವಾರ ಡಾಕ್ಟರಿಗೆ ಒಂದು ಮಾತು ಕೇಳ್ರಿ, ಗುಳಿಗಿ ರಾತ್ರಿ ಮಲಗೋ ಮುಂದ ಕೊಡಬಹುದಾ ಅಂತ. ಊಟ ಆಗಿ ಮೂರು ತಾಸು ಆಗಿರಬೇಕು, ನಡುವ ಏನೂ ತಿನ್ನಬಾರದು. ಮುಂಜಾನೆ ಎದ್ದಕೂಡ್ಲೆ ಚಹಾ, ಒಗ್ಗರಣಿ-ಮಿರ್ಚಿ ಬೇಕು ಅನ್ನೋ ಮನ್ಯಾಗ ಇದು ಸಲೀಸು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿ ಇದ್ರ ನಾಕು ತಾಸು ಅಂತರ ಇಡ್ರಿ, ಹೊತ್ತು ಬದಲಿಸಿದ ಮ್ಯಾಲೆ 6-8 ವಾರಕ್ಕ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸ್ರಿ.