ಆ ಮಣ್ಣು ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಬೈಬಲ್ಲಿನ ಸೃಷ್ಟಿಕಥೆಗೆ ಪ್ಲೇಟೋನೇ ಮೂಲ ಅಂತ ಓದಿದೆ. ಹಾಗಿದ್ದರೆ ಹಳೆಯ ಕ್ರೈಸ್ತರು ಗ್ರೀಕ್ ತತ್ವಜ್ಞಾನಿಗಳ ಜೊತೆ ವಾದಕ್ಕೆ ಇಳಿದದ್ದು ಯಾಕೆ?

ಸಂಪಾದಕರ ಉತ್ತರ: ಮೂಲ ಅಂತ ಹೇಳೋದು ಕಷ್ಟ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಕಥೆ ಪ್ಲೇಟೋಗಿಂತ ಹಳೆಯದು ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೆ ಎರಡಕ್ಕೂ ಹೋಲಿಕೆ ಇದೆ, ಅದನ್ನು ಹಳೆಯ ಕ್ರೈಸ್ತರೂ ಗಮನಿಸಿದ್ದರು. 2ನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಅಂತೂ, ಆದಿಕಾಂಡ ಬರೆದವನು ಅಂತ ಆಗ ನಂಬಿದ್ದ ಮೋಶೆಯಿಂದಲೇ ಪ್ಲೇಟೋ ಕಲಿತ ಅಂದುಬಿಟ್ಟ!

ಜಗಳ ಇದ್ದದ್ದು ಬೇರೆ ಕಡೆ. ಪ್ಲೇಟೋನ 'ಟಿಮಾಯಸ್' ಅನ್ನೋ ಗ್ರಂಥದಲ್ಲಿ ದೇವರು ಒಬ್ಬ ಕುಶಲಕರ್ಮಿ. ಗೊಂದಲವಾಗಿ ಬಿದ್ದಿದ್ದ ಸಾಮಗ್ರಿಯನ್ನು ಆತ ಒಂದು ಕ್ರಮಕ್ಕೆ ತರುತ್ತಾನೆ. ಹಾಗಾದರೆ ಅದು ಎಲ್ಲಿಂದ ಬಂತು? ಅದು ಮೊದಲೇ ಇತ್ತು ಅನ್ನೋದಾದರೆ ದೇವರ ಹೆಚ್ಚುಗಾರಿಕೆ ಏನು, ಮಣ್ಣು ಕೊಟ್ಟರೆ ಕುಂಬಾರನೂ ಮಡಕೆ ಮಾಡ್ತಾನಲ್ವಾ? ಅಂತಿಯೋಕ್ಯದ ಬಿಷಪ್ ಥಿಯೋಫಿಲಸ್ ಸುಮಾರು 180ರಲ್ಲಿ ಎತ್ತಿದ ಆಕ್ಷೇಪ ಹೆಚ್ಚುಕಡಿಮೆ ಇದೇ. ದೇವರು ಏನೂ ಇಲ್ಲದಲ್ಲಿಂದ ಜಗತ್ತನ್ನು ಮಾಡಿದ ಅನ್ನೋ ಮಾತು ಹೀಗೆ ಗಟ್ಟಿಯಾಯಿತು.

ಅರಿಸ್ಟಾಟಲ್ ಇನ್ನೂ ದೊಡ್ಡ ಅಡ್ಡಿ. ಜಗತ್ತಿಗೆ ಆರಂಭವೇ ಇಲ್ಲ ಅಂದವನು ಅವನು. ಅವನಿಗೆ ಉತ್ತರ ಕೊಟ್ಟವನು ಅಲೆಕ್ಸಾಂಡ್ರಿಯಾದ ಕ್ರೈಸ್ತ ತತ್ವಜ್ಞಾನಿ ಯೋಹಾನ್ ಫಿಲೋಪೊನಸ್, 6ನೇ ಶತಮಾನದಲ್ಲಿ. ಇಡೀ ವಾದದಲ್ಲಿ ನನಗೆ ಜಾಸ್ತಿ ಇಷ್ಟವಾದ ಮನುಷ್ಯ ಇವನೇ. ಇವನು ಬೈಬಲ್ ತೋರಿಸಿ ಬಾಯಿ ಮುಚ್ಚಿಸಲಿಲ್ಲ. ಅನಂತವಾದದ್ದನ್ನು ದಾಟಿ ಮುಗಿಸೋಕೆ ಆಗಲ್ಲ ಅನ್ನೋದು ಅರಿಸ್ಟಾಟಲನದೇ ನಿಯಮ. ಜಗತ್ತಿಗೆ ಆರಂಭ ಇಲ್ಲದಿದ್ದರೆ ಅನಂತ ವರ್ಷಗಳು ಕಳೆದ ಮೇಲೆ ಇವತ್ತಿನ ದಿನ ಬಂದಿರಬೇಕು. ಅದು ಹೇಗೆ ಸಾಧ್ಯ? ಅಷ್ಟಕ್ಕೇ ಅವನು ಬಿಡಲಿಲ್ಲ. ಸೂರ್ಯನೂ ಗ್ರಹಗಳೂ ಭೂಮಿಯನ್ನು ಸುತ್ತುತ್ತವೆ, ಒಂದೊಂದರ ವೇಗ ಒಂದೊಂದು ಅನ್ನೋದು ಆಗಿನ ತಿಳಿವಳಿಕೆ. ಶನಿ ಅನಂತ ಸಲ ಸುತ್ತಿದ್ದರೆ ಗುರು ಅದರ ಸುಮಾರು ಮೂರು ಪಟ್ಟು, ಸೂರ್ಯ 30 ಪಟ್ಟು, ಚಂದ್ರ 360 ಪಟ್ಟು ಸುತ್ತಿರಬೇಕು. ಒಂದು ಅನಂತಕ್ಕಿಂತ ಇನ್ನೊಂದು ಅನಂತ ದೊಡ್ಡದಾಗೋದು ಹೇಗೆ ಅಂತ ಕೇಳಿದ.

ಇದೆಲ್ಲ ಓದಿ ಕ್ರೈಸ್ತರೆಲ್ಲ ಒಂದು ಕಡೆ, ಗ್ರೀಕರೆಲ್ಲ ಇನ್ನೊಂದು ಕಡೆ ಅಂದುಕೊಳ್ಳಬೇಡಿ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಅಪ್ಪಟ ಕ್ರೈಸ್ತ. ಜಗತ್ತಿಗೆ ಆರಂಭ ಇದೆ ಅಂತ ನಂಬಿದವನು. ಆದರೂ ಅದನ್ನು ತರ್ಕದಿಂದ ಸಾಧಿಸೋಕೆ ಆಗಲ್ಲ, ನಂಬಿಕೆಯಿಂದ ಮಾತ್ರ ತಿಳಿಯೋದು ಅಂದ. ಹಿಂದಿನ ಯಾವ ದಿನವನ್ನೇ ಹಿಡಿಯಿರಿ, ಅಲ್ಲಿಂದ ಇವತ್ತಿಗೆ ಇರುವ ದಿನಗಳಿಗೆ ಲೆಕ್ಕ ಇದ್ದೇ ಇರುತ್ತದೆ, ಹಾಗಾಗಿ ಅನಂತವನ್ನು ಯಾರೂ ದಾಟಬೇಕಿಲ್ಲ ಅನ್ನೋದು ಅವನ ಉತ್ತರ. ಚುರುಕಾದ ಉತ್ತರವೇ. ಆದರೆ ಶನಿ, ಚಂದ್ರರ ಲೆಕ್ಕಕ್ಕೆ ಅದು ಸಾಲದು ಅಂತ ನನ್ನ ಅನಿಸಿಕೆ.