ವಿಮಾನ ಹಾರುತ್ತಿರುವಾಗಲೇ ಹೊರಡಿ

ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲಾದರೂ ದಾಳಿ, ಗಲಭೆ, ಯುದ್ಧದ ಸುದ್ದಿ ಬಂದ ಕೂಡಲೇ ಅದೇ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಒಂದನ್ನು ಓದಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ಅದಕ್ಕೇ ಇವತ್ತು ಜಾಸ್ತಿ ಜಾಗ ಅದಕ್ಕೇ. ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ, ವೀಸಾ ಅವಧಿ ನೋಡಿಕೊಳ್ಳಿ ಅನ್ನುವಂಥದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟು ನಿಮಗೇ ಗೊತ್ತಿರಬೇಕು.

ಪ್ರಶ್ನೆ: ನಾವು ಹೋಗುವ ದೇಶದಲ್ಲಿ ಪರಿಸ್ಥಿತಿ ಸ್ವಲ್ಪ ಬಿಗಿಯಾಗಿದೆ ಅಂತಾರೆ. ಟಿಕೆಟ್ ಆಗಿಹೋಗಿದೆ. ಏನಾದರೂ ಹೆಚ್ಚುಕಮ್ಮಿ ಆದರೆ ನಮ್ಮ ಎಂಬೆಸಿಯವರು ಬಂದು ಕರೆದುಕೊಂಡು ಹೋಗ್ತಾರೆ ಅಲ್ವಾ?

ಇಲ್ಲ. ಬರುವುದಿಲ್ಲ ಅಂದುಕೊಂಡೇ ಹೊರಡಿ.

ಎಂಬೆಸಿ ಅಂದರೆ ಒಂದು ಕಚೇರಿ. ಅಲ್ಲಿರುವವರು ಸೈನಿಕರಲ್ಲ. ಪಾಸ್‌ಪೋರ್ಟ್ ಕಳೆದುಹೋದರೆ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ. ಮನೆಯವರಿಗೆ ಸುದ್ದಿ ಮುಟ್ಟಿಸುತ್ತಾರೆ. ಪೊಲೀಸರು ನಿಮ್ಮನ್ನು ಹಿಡಿದಿಟ್ಟರೆ ಬಂದು ನೋಡುತ್ತಾರೆ, 1963ರ ವಿಯೆನ್ನಾ ಒಪ್ಪಂದ ಅವರಿಗೆ ಆ ಹಕ್ಕು ಕೊಟ್ಟಿದೆ. ಆದರೆ ಜೈಲಿನಿಂದ ಬಿಡಿಸಲು ಅವರಿಗೆ ಆಗದು. ಗುಂಡು ಹಾರುತ್ತಿರುವ ಬೀದಿಯಲ್ಲಿ ನಿಮ್ಮ ಹೋಟೆಲ್ ಬಾಗಿಲಿಗೆ ಗಾಡಿ ಕಳಿಸಲೂ ಆಗದು. ಅಂಥ ಹೊತ್ತಿನಲ್ಲಿ ಅವರೂ ನಿಮ್ಮ ಹಾಗೆಯೇ ಸಿಕ್ಕಿಬಿದ್ದಿರುತ್ತಾರೆ.

ಸುಡಾನ್‌ನಲ್ಲಿ ಆದದ್ದನ್ನೇ ನೋಡಿ. 2023ರ ಏಪ್ರಿಲ್ 15ರಂದು ಖಾರ್ಟೂಮ್‌ನಲ್ಲಿ ಕಾಳಗ ಶುರುವಾಯಿತು. ಮೊದಲ ಕೆಲವು ಗಂಟೆಗಳಲ್ಲೇ ವಿಮಾನ ನಿಲ್ದಾಣವೇ ರಣರಂಗವಾಯಿತು. ಬೇರೆ ದೇಶದವರಲ್ಲಿ ಎಷ್ಟೋ ಜನ ದಿನಗಟ್ಟಲೆ ಮನೆಯೊಳಗೆ ಅಡಗಿ ಕೂತು, ಆಮೇಲೆ ಬಸ್ಸು ಹಿಡಿದು ನೂರಾರು ಕಿಲೋಮೀಟರ್ ದೂರದ ಪೋರ್ಟ್ ಸುಡಾನ್‌ಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಜೆಡ್ಡಾ ತಲುಪಿದರು. ಸರ್ಕಾರಗಳು ಸಹಾಯ ಮಾಡಲಿಲ್ಲ ಅನ್ನುವುದಿಲ್ಲ, ಮಾಡಿದವು. ಆದರೆ ಬಂದರಿನವರೆಗೆ ಬರುವ ಕಷ್ಟ ಬಹಳ ಜನಕ್ಕೆ ಅವರದೇ ಆಗಿತ್ತು. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ವೀಸಾಕ್ಕೆಂದು ಪಾಸ್‌ಪೋರ್ಟ್ ಕೊಟ್ಟಿದ್ದವರ ಪುಸ್ತಕಗಳು ಮುಚ್ಚಿದ ಎಂಬೆಸಿಗಳ ಒಳಗೇ ಉಳಿದವು, ಕೆಲವನ್ನು ನಾಶವನ್ನೂ ಮಾಡಿದರು. ಪರಿಸ್ಥಿತಿ ಬಿಗಿಯಾಗಿರುವ ಊರಿನಲ್ಲಿ ಪಾಸ್‌ಪೋರ್ಟನ್ನು ಯಾರ ಕೈಗೂ ಬಿಟ್ಟುಕೊಡಬೇಡಿ. ಹೋಟೆಲ್ ಲಾಕರ್‌ನಲ್ಲೂ ಬೇಡ, ಮೈಮೇಲೇ ಇರಲಿ.

ಹಾಗಾದರೆ ಏನು ಮಾಡಬೇಕು? ಮಾಮೂಲಿ ವಿಮಾನಗಳು ಹಾರುತ್ತಿರುವಾಗಲೇ ಹೊರಡಬೇಕು. ಅಷ್ಟೇ. ಇದಕ್ಕಿಂತ ದೊಡ್ಡ ಗುಟ್ಟು ನಮ್ಮ ಕೆಲಸದಲ್ಲಿ ಇಲ್ಲ.

ಉಕ್ರೇನ್‌ನಲ್ಲಿ ವಿಮಾನ ನಿಂತದ್ದು 2022ರ ಫೆಬ್ರವರಿ 24ರ ನಸುಕಿನಲ್ಲಿ. ಅಮೆರಿಕ, ಬ್ರಿಟನ್ ತಮ್ಮ ಜನಕ್ಕೆ ಬಿಟ್ಟು ಬನ್ನಿ ಎಂದು ಸ್ಪಷ್ಟವಾಗಿ ಹೇಳಿದ್ದು ಫೆಬ್ರವರಿ 11ಕ್ಕೇ. ಮರುದಿನ ಡಚ್ ವಿಮಾನ ಕಂಪನಿ ಕೆಎಲ್‌ಎಂ ಹಾರಾಟ ನಿಲ್ಲಿಸಿತು, 21ರಿಂದ ಲುಫ್ತಾನ್ಸಾ ನಿಲ್ಲಿಸಿತು. ಅಂದರೆ ಸುಮಾರು ಎರಡು ವಾರ ಕೈಯಲ್ಲಿತ್ತು. ಅಷ್ಟು ದಿನ ಯಾವಾಗಲೂ ಸಿಗುವುದಿಲ್ಲ. 2006ರಲ್ಲಿ ಲೆಬನಾನ್ ಯುದ್ಧ ಜುಲೈ 12ಕ್ಕೆ ಶುರುವಾಯಿತು, 13ಕ್ಕೆ ಬೈರೂತ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬಾಂಬ್ ಬಿತ್ತು. ಒಂದೇ ದಿನ. ಆಮೇಲೆ ಉಳಿದದ್ದು ಸೈಪ್ರಸ್ ಕಡೆಗೆ ಹಡಗು, ಇಲ್ಲದಿದ್ದರೆ ಸಿರಿಯಾ ಕಡೆಗೆ ರಸ್ತೆ.

ಹೊರಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಯಾವಾಗ ಅನ್ನುವಲ್ಲೇ ಎಡವುತ್ತಾರೆ. ಒಬ್ಬ ಇಂಜಿನಿಯರ್, ಹೆಸರು ಬೇಡ, ದೇಶವೂ ಬೇಡ, ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿದರು. "ಸರ್, ಬೆಳಗ್ಗೆ ಆರರ ಫ್ಲೈಟಿನಲ್ಲಿ ಸೀಟಿದೆ. ಆದ್ರೆ ಗುರುವಾರ ಮೆಷಿನ್ ಒಪ್ಪಿಸಬೇಕು. ಅದೊಂದು ಮುಗಿಸಿಬಿಟ್ಟು ಬರ್ಲಾ?" ಈಗಲೇ ಬುಕ್ ಮಾಡಿ, ಫೋನ್ ಇಡಬೇಡಿ, ನಾನು ಲೈನಿನಲ್ಲೇ ಇರುತ್ತೇನೆ ಅಂದೆ. "ಬಾಸ್‌ಗೆ ಒಂದು ಮಾತು ಕೇಳ್ತೀನಿ" ಅಂದರು. ಬಾಸ್ ಮಲಗಿದ್ದರು. ಬೆಳಗ್ಗೆ ನಾಲ್ಕಕ್ಕೆ ವಿಮಾನ ನಿಲ್ದಾಣ ಮುಚ್ಚಿತು.

ಹನ್ನೊಂದು ದಿನ ಅವರು ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮೆಷಿನ್‌ಗಳ ನಡುವೆ ಮಲಗಿದರು. ವಾಪಸ್ ಬಂದ ಮೇಲೆ ನೋಡಲು ಹೋದಾಗ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ನಾಲ್ಕು ಮಡಿಕೆ ಮಾಡಿದ ಚೀಟಿ. ಮಡಿಕೆ ಬಿದ್ದ ಕಡೆಯೆಲ್ಲ ಇಂಕು ಅಳಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಮತ್ತೆ ತಿದ್ದಿದ್ದರು. ಹೆಂಡತಿಯ ನಂಬರು, ಎಂಬೆಸಿ ನಂಬರು, ನನ್ನ ನಂಬರು, ರಕ್ತದ ಗುಂಪು. ಹೊರಡುವ ಮುಂಚೆ ನಾನೇ ಹಟ ಹಿಡಿದು ಕೈಯಲ್ಲಿ ಬರೆಸಿದ್ದು, ಆಗ ಅವರು "ಎಲ್ಲಾ ಫೋನಲ್ಲೇ ಇದೆಯಲ್ಲ ಸರ್" ಅಂದಿದ್ದರು. ಕರೆಂಟ್ ಹೋಗಿ ಎರಡನೇ ದಿನಕ್ಕೇ ಫೋನ್ ಸತ್ತಿತ್ತು. ಹೋಟೆಲಿನ ಅಡುಗೆಯವನ ಫೋನು ಕೇಳಿ ತೆಗೆದುಕೊಂಡು, ಆ ಚೀಟಿ ನೋಡಿ ಮನೆಗೆ ಮಾತಾಡಿದ್ದರು. ನಿಮ್ಮ ಹೆಂಡತಿಯ ನಂಬರು ನಿಮಗೆ ಬಾಯಿಪಾಠ ಇದೆಯಾ? ಈಗಲೇ ಹೇಳಿ ನೋಡೋಣ.

ಆ ಘಟನೆ ಆದಮೇಲೆ ನಾನು ಎಲ್ಲರಿಗೂ ಚೀಟಿಯ ಹಿಂಬದಿಯಲ್ಲಿ ಇನ್ನೂ ಮೂರು ಸಾಲು ಬರೆಸುತ್ತೇನೆ. ಯಾವುದಾದರೂ ದೇಶ ತನ್ನ ಎಂಬೆಸಿ ಸಿಬ್ಬಂದಿಯ ಹೆಂಡತಿ ಮಕ್ಕಳನ್ನು ವಾಪಸ್ ಕರೆಸಿಕೊಂಡರೆ. ದೊಡ್ಡ ವಿಮಾನ ಕಂಪನಿಯೊಂದು ಆ ಊರಿಗೆ ಹಾರಾಟ ನಿಲ್ಲಿಸಿದರೆ. ಯಾವುದಾದರೂ ಸರ್ಕಾರದ ಪ್ರಯಾಣ ಸೂಚನೆಯಲ್ಲಿ "ವಿಮಾನ ಸಿಗುತ್ತಿರುವಾಗಲೇ ಹೊರಡಿ" ಎಂಬ ಮಾತು ಬಂದರೆ. ಈ ಮೂರರಲ್ಲಿ ಎರಡು ಆದವು ಅಂದರೆ ಟಿಕೆಟ್ ತೆಗೆಯುವುದು, ಯಾರನ್ನೂ ಕೇಳುವ ಹಾಗಿಲ್ಲ. ನಿಮ್ಮ ದೇಶದ ಸೂಚನೆಯೊಂದನ್ನೇ ನೋಡಬೇಡಿ, ಬೇರೆ ನಾಲ್ಕು ದೇಶಗಳದ್ದನ್ನೂ ಓದಿ. ವಿಮಾನ ಕಂಪನಿಗಳನ್ನಂತೂ ನಾನು ಬಹಳ ನಂಬುತ್ತೇನೆ, ಯಾಕೆಂದರೆ ಯುದ್ಧದ ಅಪಾಯಕ್ಕೆ ಅವರು ಬೇರೆಯದೇ ವಿಮೆ ಮಾಡಿಸಬೇಕು, ವಿಮೆಯವರು ಹಿಂದೆ ಸರಿದರೆ ಅವರ ವಿಮಾನ ನೆಲ ಬಿಡುವ ಹಾಗಿಲ್ಲ.

ಈ ನಿರ್ಧಾರವನ್ನು ಮನೆಯಲ್ಲಿ ತಣ್ಣಗೆ ಕೂತು ಮಾಡಿ. ಅಲ್ಲಿಗೆ ಹೋದ ಮೇಲೆ ಮನಸ್ಸು ಸುಳ್ಳು ಹೇಳುತ್ತದೆ. ಅಂಗಡಿ ತೆರೆದಿದೆ, ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ, ಪಕ್ಕದವನು ಏನೂ ಆಗಲ್ಲ ಅಂತಾನೆ. ಪಕ್ಕದವನಿಗೆ ಅದು ಸ್ವಂತ ಊರು, ಹಾಗೆ ನಂಬದೆ ಅವನಿಗೆ ಬೇರೆ ದಾರಿ ಇಲ್ಲ. ನಿಮಗೆ ಇದೆ.

ಕೊನೆಗೂ ಸರ್ಕಾರ ವಿಮಾನ ಕಳಿಸಿತು ಅಂತಲೇ ಇಟ್ಟುಕೊಳ್ಳಿ. ಎಂಬೆಸಿಯಲ್ಲಿ ಮೊದಲೇ ಹೆಸರು ನೋಂದಾಯಿಸದಿದ್ದರೆ ನೀವು ಆ ದೇಶದಲ್ಲಿ ಇದ್ದೀರಿ ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ? ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ. ವಿಮಾನ ನಿಮ್ಮ ಮನೆಗೇ ಹೋಗುತ್ತದೆ ಅಂತಲೂ ಇಲ್ಲ, ಹತ್ತಿರದ ಯಾವುದೋ ಸುರಕ್ಷಿತ ಊರಿನಲ್ಲಿ ಇಳಿಸಬಹುದು. ಪುಕ್ಕಟೆ ಅಂತಲೂ ಇಲ್ಲ. ಅಮೆರಿಕ ಸಾಮಾನ್ಯವಾಗಿ ತನ್ನ ಪ್ರಜೆಗಳಿಂದಲೇ ದುಡ್ಡು ವಾಪಸ್ ಕೊಡುತ್ತೇವೆ ಎಂದು ಬರೆಸಿಕೊಂಡು ಹತ್ತಿಸುತ್ತದೆ.

ಪ್ರಶ್ನೆ: ನಾವು ಆ ದೇಶಕ್ಕೆ ಹೋಗ್ತಿಲ್ಲ, ಬರೀ ವಿಮಾನ ಬದಲಾಯಿಸುವುದಷ್ಟೇ. ನಮಗೇನೂ ತೊಂದರೆ ಇಲ್ಲ ತಾನೇ?

2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆ ಮುಚ್ಚಿತು. ಇರಾನ್ ಮತ್ತು ಅಮೆರಿಕದ ಜಗಳಕ್ಕೂ ತಮಗೂ ಏನೂ ಸಂಬಂಧವಿಲ್ಲದ ಸಾವಿರಾರು ಜನ ನಡುದಾರಿಯಲ್ಲಿ ಉಳಿದರು. ವಿಮಾನ ಬದಲಾಯಿಸುವ ಊರನ್ನೂ ಹೋಗುವ ಊರಿನಷ್ಟೇ ಗಮನ ಇಟ್ಟು ನೋಡಿ. ಎರಡು ವಾರಕ್ಕೆ ಆಗುವಷ್ಟು ಹೆಚ್ಚುವರಿ ಮಾತ್ರೆ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ಬಿಪಿ, ಶುಗರ್ ಇರುವವರಿಗೆ ಇದನ್ನು ನಾನು ಕೈ ಮುಗಿದು ಹೇಳುತ್ತೇನೆ.

ಪ್ರಶ್ನೆ: ಪ್ರಯಾಣ ವಿಮೆ ಮಾಡಿಸಿದ್ದೇವೆ. ಸಾಕಲ್ವಾ?

ಮಾಡಿಸಿದ್ದು ಯಾವಾಗ? ಗಲಾಟೆ ಸುದ್ದಿಯಾದ ಮೇಲೆ ಮಾಡಿಸಿದರೆ, ಮೊದಲೇ ಗೊತ್ತಿದ್ದ ಘಟನೆ ಅಂತ ಹೇಳಿ ವಿಮೆಯವರು ಕೈತೊಳೆದುಕೊಳ್ಳಬಹುದು. ಬಹಳಷ್ಟು ಪಾಲಿಸಿಗಳಲ್ಲಿ ಯುದ್ಧ ಸೇರಿರುವುದಿಲ್ಲ. ನಿಮ್ಮ ಸರ್ಕಾರ ಹೋಗಬೇಡಿ ಅಂದ ಜಾಗಕ್ಕೆ ಹೋದರೆ ಎಷ್ಟೋ ಪಾಲಿಸಿ ನಡೆಯುವುದೇ ಇಲ್ಲ. ಟಿಕೆಟ್ ತೆಗೆದ ದಿನವೇ ವಿಮೆ ಮಾಡಿಸಿ, ಮತ್ತು ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪುಟವನ್ನು ಮೊದಲು ಓದಿ. ಹಾಗೆಯೇ, ಯುರೋಪಿಯನ್ ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನ ರದ್ದಾದರೆ ಊಟ, ವಸತಿ ಕೊಡುವುದು ಕಂಪನಿಯ ಕರ್ತವ್ಯ. ನಮ್ಮ ತಪ್ಪಲ್ಲ ಅಂತ ಅವರು ಜಾರಿಕೊಳ್ಳುವ ಹಾಗಿಲ್ಲ. 2010ರಲ್ಲಿ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ರದ್ದಾದ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2013ರಲ್ಲಿ ಇದನ್ನು ಖಚಿತ ಮಾಡಿದೆ. ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಿ.

ಪ್ರಶ್ನೆ: ಪೆಪ್ಪರ್ ಸ್ಪ್ರೇ ಒಯ್ಯಬಹುದಾ?

ಬೇಡ. ಬ್ರಿಟನ್‌ನಲ್ಲಿ ಅದನ್ನು ಬಂದೂಕಿನ ಕಾನೂನಿನ ಕೆಳಗೇ ನಿಷೇಧಿಸಿದ್ದಾರೆ.

ಪ್ರಶ್ನೆ: ಪಾಸ್‌ಪೋರ್ಟ್ ಚಿಪ್‌ನಲ್ಲಿರುವ ಮಾಹಿತಿ ಕದಿಯದಂತೆ ತಡೆಯುವ ವಿಶೇಷ ಕವರ್?

ದುಡ್ಡು ದಂಡ. ಅದೇ ದುಡ್ಡಿಗೆ ಒಳ್ಳೆಯ ಪವರ್ ಬ್ಯಾಂಕ್ ತೆಗೆದುಕೊಳ್ಳಿ.

ಪ್ರಶ್ನೆ: ಗಡಿ ದಾಟಿಸುತ್ತೇವೆ, ಗ್ಯಾರಂಟಿ ಅಂತ ಒಬ್ಬರು ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿದ್ದಾರೆ. ಅರ್ಧ ದುಡ್ಡು ಮೊದಲೇ ಕೇಳ್ತಿದ್ದಾರೆ.

ಕೊಡಬೇಡಿ. ಇಂಥವರ ಮೇಲೆ ನನಗಿರುವ ಕೋಪ ಅಷ್ಟಿಷ್ಟಲ್ಲ. ಎಲ್ಲಿ ಸಂಕಟ ಇದೆಯೋ ಅಲ್ಲಿಗೆ ಮೊದಲು ಬರುವವರೇ ಇವರು. ದುಡ್ಡು ತಿಂದು ಮಾಯವಾದರೆ ನಿಮ್ಮ ಪುಣ್ಯ. ಕೆಲವರು ನಿಜವಾಗಿಯೂ ಕರೆದುಕೊಂಡು ಹೋಗಿ, ಮುದ್ರೆ ಇಲ್ಲದ ಪಾಸ್‌ಪೋರ್ಟಿನ ಜೊತೆ ಇನ್ನೊಂದು ದೇಶದ ಪೊಲೀಸರ ಕೈಗೆ ಸಿಕ್ಕಿಸಿ ಬರುತ್ತಾರೆ. ಯಾವ ಗಡಿ ತೆರೆದಿದೆ, ಅಲ್ಲಿ ವೀಸಾ ಬೇಕಾ ಅನ್ನುವುದನ್ನು ಎಂಬೆಸಿಯಿಂದಲೇ ತಿಳಿದುಕೊಳ್ಳಿ. ಪಕ್ಕದ ದೇಶದ ವೀಸಾ ಮೊದಲೇ ಮಾಡಿಸಿಟ್ಟುಕೊಳ್ಳಲು ಆಗುವುದಾದರೆ ಮಾಡಿಸಿ. ಎಷ್ಟೋ ಜನ ಗಡಿವರೆಗೆ ಹೋಗಿ ಅದೊಂದು ಇಲ್ಲದೆ ನಿಂತುಬಿಟ್ಟಿದ್ದಾರೆ.

ಪ್ರಶ್ನೆ: ಕ್ಷಿಪಣಿ ಬಿದ್ದ ಜಾಗ, ಸೈನಿಕರ ಗಾಡಿ, ಇವುಗಳ ವಿಡಿಯೋ ಹಾಕಿದರೆ ಬೇರೆಯವರಿಗೆ ಉಪಯೋಗ ಆಗುತ್ತಲ್ವಾ?

ಶತ್ರುವಿಗೆ ಉಪಯೋಗ ಆಗುತ್ತದೆ, ನಿಮಗೆ ಜೈಲು ಆಗುತ್ತದೆ. ಉಕ್ರೇನ್ 2022ರ ಮಾರ್ಚ್‌ನಲ್ಲಿ ಸೈನ್ಯದ ಓಡಾಟ ತೋರಿಸುವುದನ್ನು ಅಪರಾಧ ಮಾಡಿತು. ಯುದ್ಧವೇ ಇಲ್ಲದ ಗ್ರೀಸ್‌ನಲ್ಲಿ 2001ರ ನವೆಂಬರ್‌ನಲ್ಲಿ, ವಿಮಾನ ನೋಡಿ ನಂಬರು ಬರೆದುಕೊಳ್ಳುವ ಹವ್ಯಾಸವಿದ್ದ 12 ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದರು. ಮೇಲ್ಮನವಿಯಲ್ಲಿ ಖುಲಾಸೆ ಆಗಲು ಒಂದು ವರ್ಷ ಹಿಡಿಯಿತು. ಫೋನು ಜೇಬಿನಲ್ಲಿರಲಿ.

ಪ್ರಶ್ನೆ: ಜನ ಸೇರಿದ ಜಾಗದಲ್ಲಿ ದಾಳಿಯಾದರೆ ಏನು ಮಾಡಬೇಕು?

ಓಡಿ. ಓಡಲು ಆಗದಿದ್ದರೆ ಅಡಗಿ. ಆಮೇಲೆ ಪೊಲೀಸರಿಗೆ ತಿಳಿಸಿ. ಬ್ರಿಟನ್ ಪೊಲೀಸರು ಕಲಿಸುವುದು ಇದೇ ಕ್ರಮದಲ್ಲಿ, ನಾನೂ ಹೀಗೇ ಹೇಳುತ್ತೇನೆ. ಬ್ಯಾಗು ಬಿಟ್ಟುಬಿಡಿ. ಅಡಗಿದಾಗ ಫೋನಿನ ವೈಬ್ರೇಶನ್ನೂ ಆಫ್ ಮಾಡಿ, ನಿಶ್ಶಬ್ದ ಕೋಣೆಯಲ್ಲಿ ಅದರ ಸದ್ದೂ ಕೇಳುತ್ತದೆ. ಪೊಲೀಸರು ಬಂದಾಗ ಎರಡೂ ಕೈ ಅವರಿಗೆ ಕಾಣುವ ಹಾಗಿರಲಿ, ಅವರಿಗೆ ನೀವು ಯಾರೋ ಗೊತ್ತಿರುವುದಿಲ್ಲ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ನಂಬರು 112.

ವಿಮಾನ ನಿಲ್ದಾಣದ ಬಗ್ಗೆಯೂ ಒಂದು ಮಾತು. 2016ರ ಮಾರ್ಚ್ 22ರಂದು ಬ್ರಸೆಲ್ಸ್‌ನಲ್ಲಿ ಬಾಂಬ್ ಸಿಡಿದದ್ದು ನಿರ್ಗಮನದ ಹಾಲ್‌ನಲ್ಲಿ, ಭದ್ರತಾ ತಪಾಸಣೆಗೆ ಮುಂಚಿನ ಜಾಗದಲ್ಲಿ. ಅಲ್ಲಿ ಸುಮ್ನೆ ಹರಟೆ ಹೊಡೆಯುತ್ತಾ ನಿಲ್ಲಬೇಡಿ. ಬೀಳ್ಕೊಡುವುದನ್ನು ಮನೆಯಲ್ಲೇ ಮುಗಿಸಿ, ಬೇಗ ಒಳಗೆ ಹೋಗಿ.

ಪ್ರಶ್ನೆ: ಮನೆಯವರಿಗೆ ಏನು ಹೇಳಿ ಹೋಗಬೇಕು?

ಅವತ್ತು ಬ್ರಸೆಲ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಫೋನ್ ಮಾಡಿ ನೆಟ್‌ವರ್ಕ್ ಕಟ್ಟಿಹೋಯಿತು. ಕರೆ ಬೇಡ, ಮೆಸೇಜ್ ಮಾಡಿ ಎಂದು ಅಧಿಕಾರಿಗಳೇ ಜನರನ್ನು ಕೇಳಿಕೊಳ್ಳಬೇಕಾಯಿತು. ಹಾಗಾಗಿ ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಳ್ಳಿ, ಬೆಳಗ್ಗೆ ಒಂದು ಮೆಸೇಜ್, ರಾತ್ರಿ ಒಂದು ಮೆಸೇಜ್, "ಚೆನ್ನಾಗಿದ್ದೇನೆ" ಅಂದರೆ ಸಾಕು. ಒಂದು ಮೆಸೇಜ್ ಬರದಿದ್ದರೆ ಮನೆಯವರು ಗಾಬರಿಯಾಗುವುದು ಬೇಡ, ಚಾರ್ಜ್ ಮುಗಿದಿರಬಹುದು, ನಿದ್ದೆ ಹತ್ತಿರಬಹುದು. ಎರಡನೆಯದೂ ಬರದಿದ್ದರೆ ಮೊದಲು ಹೋಟೆಲಿಗೆ ಫೋನ್ ಮಾಡಲಿ. ಅಲ್ಲೂ ಯಾರೂ ಎತ್ತದಿದ್ದರೆ ಎಂಬೆಸಿಗೆ. ಆ ಎರಡು ನಂಬರನ್ನೂ ಇನ್ನೊಂದು ಚೀಟಿಯಲ್ಲಿ ಬರೆದು, ಹೊರಡುವ ಮುಂಚೆ ಮನೆಯ ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗಿ.