ಗೋಥಿಕ್ ಪದದ ಮುಂದಿನ ನಕ್ಷತ್ರ

ಪ್ರಶ್ನೆ: ಪಟ್ಟಿಯೊಂದರಲ್ಲಿ ಕೆಲವು ಗೋಥಿಕ್ ಪದಗಳ ಮುಂದೆ ನಕ್ಷತ್ರದ ಗುರುತು (*) ಇದೆ. ಅವು ನಿಜವಾದ ಪದಗಳೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಗೋಥಿಕ್ ಯುರೋಪಿನ ಹಳೆಯ ಭಾಷೆ, ಈಗ ಆಡುವವರಿಲ್ಲ. ನಕ್ಷತ್ರ ಇದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಬಲ್ಲವರು ಊಹಿಸಿ ಕಟ್ಟಿದ್ದು ಎಂದರ್ಥ. ಕೆಲವೊಮ್ಮೆ ಪದ ಸಿಕ್ಕಿರುತ್ತದೆ, ಆ ವಿಭಕ್ತಿ ರೂಪ ಮಾತ್ರ ಸಿಕ್ಕಿರುವುದಿಲ್ಲ. ಆಗಲೂ ನಕ್ಷತ್ರ ಬೀಳುತ್ತದೆ.

ನಕ್ಷತ್ರ ಇಲ್ಲ ಅಂದ ಮಾತ್ರಕ್ಕೆ ಪದವನ್ನು ಸುಮ್ನೆ ನಂಬಬೇಡಿ. ಯಾವ ಬರಹದ ಯಾವ ಸಾಲಿನಲ್ಲಿದೆ ಎಂದು ಕೇಳಿ. ಉಳಿದಿರುವ ಗೋಥಿಕ್‌ನಲ್ಲಿ ಜಾಸ್ತಿ ಪಾಲು 4ನೇ ಶತಮಾನದ ಬಿಷಪ್ ವುಲ್ಫಿಲನ ಬೈಬಲ್ ಅನುವಾದದ್ದು. ಅದರ ಹೆಸರಾಂತ ಪ್ರತಿ ಸ್ವೀಡನ್ನಿನ ಉಪ್ಸಾಲದಲ್ಲಿದೆ. ಉದಾಹರಣೆಗೆ, ಗೋಥಿಕ್‌ನಲ್ಲಿ 'ಅತ್ತ' ಅಂದರೆ ತಂದೆ. ಆ ಅನುವಾದದಲ್ಲಿ ಮತ್ತಾಯ 6:9 ತೆಗೆದರೆ ಅಲ್ಲೇ ಇದೆ! ಶಿರಾಳಕೊಪ್ಪದಿಂದ ತಾಳಗುಂದಕ್ಕೆ ಹೋಗಿ ಕದಂಬರ ಕಂಬದ ಅಕ್ಷರಗಳನ್ನು ಕಣ್ಣಾರೆ ನೋಡಿದಾಗ ನನಗೆ ಆಗಿದ್ದೂ ಇಂಥದೇ ಖುಷಿ.